ಕೆಂಪು ಸೋಡಾದ ಲೋಟ

ನಮ್ಮೂರ ಪಬ್ಬಿನಲ್ಲಿ ಯಾರ ಸೊಂಟದಲ್ಲಿ ಪಿಸ್ತೂಲಿದೆ ಎಂದು ತಿಳಿಯಲು ಕೋಟು ಸರಿಸಿ ನೋಡಬೇಕಾಗಿಲ್ಲ, ಮುಂದಿರುವ ಲೋಟ ನೋಡಿದರೆ ಸಾಕು. ಪರವಾನಗಿ ಪಡೆದವನು ಆಯುಧವನ್ನು ಯಾರಿಗೂ ಕಾಣದಂತೆ ಒಯ್ಯಬೇಕೆಂದು ನಮ್ಮ ಚೆಕ್ ಕಾನೂನು ಹೇಳುತ್ತದೆ. ಅದು ಮೈಮೇಲಿರುವಾಗ ಒಂದು ಗುಟುಕೂ ಕುಡಿಯಬಾರದೆಂದೂ ಹೇಳುತ್ತದೆ. ಆ ಕಾನೂನು ಬರೆದವರು ಹಳ್ಳಿಯ ಪಬ್ಬಿನಲ್ಲಿ ಕೂತವರಲ್ಲವೇನೋ. ಎಲ್ಲರೆದುರೂ ನೊರೆ ಬಿಯರ್ ಇರುವ ಮೇಜಿನಲ್ಲಿ ಒಬ್ಬನ ಮುಂದೆ ಮಾತ್ರ ಮಕ್ಕಳು ಕುಡಿಯುವ ರಾಸ್ಪ್‌ಬೆರಿ ಸೋಡಾ ಕೆಂಪಗೆ ಹೊಳೆಯುತ್ತಿದ್ದರೆ ಅಡಗಿಸಿದ್ದೇನು ಉಳಿಯಿತು?

ಆ ಲೋಟ ನನ್ನ ಗೆಳೆಯ ಲೋಯ್ಜಾನದು. ಈ ಮಾರ್ಚಿನಲ್ಲಿ ಅವನನ್ನು ಮಣ್ಣು ಮಾಡಿದೆವು.

ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಹರಿತ ಮಾಡುವುದು ಅವನ ಕೆಲಸವಾಗಿತ್ತು. ಬಿಯರನ್ನು ಅವನಷ್ಟು ಪ್ರೀತಿಯಿಂದ ಕುಡಿಯುವವರನ್ನು ನಾನು ಕಂಡಿಲ್ಲ. ಮೊದಲ ಗುಟುಕಿಗೆ ಕಣ್ಣು ಮುಚ್ಚುತ್ತಿದ್ದ. ಆಗ ಯಾರೂ ಅವನನ್ನು ಮಾತಾಡಿಸುವಂತಿರಲಿಲ್ಲ. ಹೆಂಡತಿ ಮಿಲಾದಾ ತೀರಿಕೊಂಡ ಮರುವರ್ಷ ಮಗಳು ಬ್ಲಾಂಕಾ ಗಂಡನನ್ನು ಬಿಟ್ಟು ಅಪ್ಪನ ಮನೆಗೆ ಬಂದಳು. ಅವಳ ಕೆನ್ನೆಯ ಮೂಳೆ ಮುರಿದಿತ್ತು. ಗಂಡ ರಾದೆಕ್ ಹಿಂದೆಯೇ ಬಂದು ಬಾಗಿಲು ಒಡೆದ. ರಿಪೇರಿ ಮಾಡಿಸಿದ ಮೇಲೆ ಇನ್ನೊಮ್ಮೆ ಒಡೆದ. ಪೊಲೀಸರು ಪಟ್ಟಣದಿಂದ ಬರುವಷ್ಟರಲ್ಲಿ ಅವನು ಜಾಗ ಖಾಲಿ ಮಾಡಿರುತ್ತಿದ್ದ.

ಲೋಯ್ಜಾ ಪರೀಕ್ಷೆ ಬರೆದ, ವೈದ್ಯರ ಸಹಿ ಪಡೆದ, ಪಿಸ್ತೂಲು ಕೊಂಡ. ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಪಬ್ಬಿನ ಒಡತಿ ವ್ಲಸ್ತಾ ಕೇಳದೆಯೇ ತಂದಿಟ್ಟ ಬಿಯರನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ಕೆಂಪು ಸೋಡಾ ಕೊಡಮ್ಮ" ಎಂದ. ಇಸ್ಪೀಟು ಹಂಚುತ್ತಿದ್ದ ಕೈ ನಿಂತಿತು. ಸುದ್ದಿ ಅಂದೇ ರಾದೆಕ್‌ನ ಕಿವಿಗೂ ಬಿತ್ತು. ಆಮೇಲೆ ಅವನು ಆ ಮನೆಯ ಬೇಲಿ ದಾಟಲಿಲ್ಲ.

ವರ್ಷಗಟ್ಟಲೆ ನಾವು ಲೋಯ್ಜಾನನ್ನು ಛೇಡಿಸಿದೆವು.

"ವ್ಲಸ್ತಕ್ಕ, ಪಾಪೂಗೆ ಇನ್ನೊಂದು ಸೋಡಾ. ಸ್ಟ್ರಾ ಮರೀಬೇಡ."

"ನಿನ್ ಹೊಟ್ಟೆ ನೋಡ್ಕೊಳಯ್ಯ ಎವ್ಜೆನ್," ಎನ್ನುತ್ತಿದ್ದ ನನಗೆ. "ಹೆರಿಗೆ ಯಾವಾಗ?"

ಎರಡು ವರ್ಷದ ಹಿಂದಿನ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ರಾದೆಕ್ ಒಳಗೆ ಬಂದ. ಅಂದು ಮಿಲಾದಾ ತೀರಿಕೊಂಡ ತಾರೀಖು. ಎರಡು ಪುಟ್ಟ ಗ್ಲಾಸುಗಳಲ್ಲಿ ಪ್ಲಮ್ ಸಾರಾಯಿ ಹಿಡಿದು ನೇರ ನಮ್ಮ ಮೇಜಿಗೆ ಬಂದು, ಲೋಯ್ಜಾನ ಎದುರಿನ ಕುರ್ಚಿ ಎಳೆದುಕೊಂಡ.

"ಇವತ್ತು ಅತ್ತೆ ಹೋದ ದಿನ ಅಲ್ವಾ ಮಾವ? ಅವ್ರ ಹೆಸ್ರಲ್ಲಿ ಒಂದು ಹಾಕೋಣ."

"ನಾನು ನಿನ್ ಮಾವ ಅಲ್ಲ."

"ಆಯ್ತು ಬಿಡಿ. ಅವ್ರು ನಂಗೂ ಊಟ ಬಡಿಸಿದೋರು. ತಗೊಳ್ಳಿ."

ಅವನ ಲೆಕ್ಕ ಮೇಜಿನಲ್ಲಿದ್ದವರಿಗೆಲ್ಲ ಅರ್ಥವಾಯಿತು. ಲೋಯ್ಜಾ ಕುಡಿದರೆ ಇವನು ಹೊರಗೆ ಹೋಗಿ ಪೊಲೀಸರಿಗೆ ಫೋನ್ ಮಾಡುತ್ತಾನೆ. ಉಸಿರು ಪರೀಕ್ಷಿಸುತ್ತಾರೆ, ಪರವಾನಗಿ ಹೋಗುತ್ತದೆ, ಪಿಸ್ತೂಲೂ ಹೋಗುತ್ತದೆ, ಬ್ಲಾಂಕಾಳ ಬಾಗಿಲಿಗೆ ಮತ್ತೆ ಕಾವಲಿಲ್ಲ. ಕುಡಿಯದಿದ್ದರೆ, ಸತ್ತ ಹೆಂಡತಿಯ ಹೆಸರಿಗೆ ಗ್ಲಾಸು ಎತ್ತದ ಗಂಡ ಎನ್ನಿಸಿಕೊಳ್ಳುತ್ತಾನೆ. ನಮ್ಮಲ್ಲಿ ಅದಕ್ಕಿಂತ ಕೀಳು ಹೆಸರಿಲ್ಲ.

ಲೋಯ್ಜಾ ಗ್ಲಾಸನ್ನೇ ನೋಡುತ್ತಿದ್ದ. ಅವನ ಎರಡು ಕೈಗಳೂ ಮೇಜಿನ ಕೆಳಗಿದ್ದವು.

"ಹೆಂಡ್ತಿಗಿಂತ ಅದೇ ಹೆಚ್ಚಾಯ್ತಾ ನಿಮ್ಗೆ?" ಎಂದ ರಾದೆಕ್.

ಬಿಯರ್ ನಲ್ಲಿಯ ಹತ್ತಿರ ನಿಂತಿದ್ದ ವ್ಲಸ್ತಾಳ ಕೈಮೇಲೆ ನೊರೆ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿರಲಿಲ್ಲ.

"ಕೈ ಮೇಲಿಡಿ ಮಾವ." ರಾದೆಕ್‌ನ ದನಿ ಸಣ್ಣದಾಗಿತ್ತು.

ಲೋಯ್ಜಾ ಕೈ ತೆಗೆಯಲಿಲ್ಲ. "ಎರಡೂ ನೀನೇ ಕುಡಿ," ಎಂದ. "ಕುಡಿದು ನಿನ್ ಮನೆಗೆ ಹೋಗು. ನಿನ್ ಮನೆಗೆ."

ರಾದೆಕ್ ನಿಧಾನವಾಗಿ ಎದ್ದ. ನಮಗೆ ಬೆನ್ನು ತೋರಿಸದೆ ಬಾಗಿಲವರೆಗೂ ಹಿಂದೆ ಹಿಂದೆ ಸರಿದು ಹೊರಟುಹೋದ. ಗ್ಲಾಸುಗಳು ಅಲ್ಲೇ ಉಳಿದವು.

"ಎವ್ಜೆನ್, ನೀನು ಕುಡಿ," ಎಂದ ಲೋಯ್ಜಾ ನನ್ನತ್ತ ನೋಡದೆ. "ನನ್ ಪಾಲಿಂದೂ. ಅವಳ ಹೆಸ್ರಿಗೆ."

ಈ ವರ್ಷ ಫೆಬ್ರವರಿಯಲ್ಲಿ ಅವನು ಆಸ್ಪತ್ರೆ ಸೇರಿದ. ಇನ್ನು ಹೆಚ್ಚು ದಿನವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಫ್ಲಾಸ್ಕಿನಲ್ಲಿ ಬಿಯರ್ ಕದ್ದು ಒಯ್ದೆ. ಅವನ ಕೈ ನಡುಗುತ್ತಿದ್ದುದರಿಂದ ಲೋಟವನ್ನು ನಾನೇ ಹಿಡಿದು ಕುಡಿಸಬೇಕಾಯಿತು. ಅವನು ಕಣ್ಣು ಮುಚ್ಚಿದ. ನಾನು ಸುಮ್ಮನಿದ್ದೆ.

"ಪಿಸ್ತೂಲ್ ಮನೇಲೇ ಇದ್ಯಲ್ಲ, ಧೈರ್ಯವಾಗಿ ಕುಡಿ," ಎಂದೆ ಆಮೇಲೆ.

"ಯಾವ ಪಿಸ್ತೂಲ್ ಮಾರಾಯ?"

ಆ ನವೆಂಬರಿಗೂ ಮುಂಚಿನ ವಸಂತದಲ್ಲಿ ಪರವಾನಗಿಯ ಅವಧಿ ಮುಗಿದಿತ್ತಂತೆ. ಮತ್ತೆ ವೈದ್ಯರ ಸಹಿ ಬೇಕಿತ್ತು. ವೈದ್ಯೆ, "ಕೈ ಮುಂದೆ ಚಾಚಿ" ಎಂದಳಂತೆ. ಚಾಚಿದ. ನಡುಕ ಆಗಲೇ ಶುರುವಾಗಿತ್ತು. ಅವಳು ಸಹಿ ಮಾಡಲಿಲ್ಲ, ಅವನೂ ಬೇಡಿಕೊಳ್ಳಲಿಲ್ಲ. "ಆ ಕೈಗೆ ನಾನಾದ್ರೂ ಕೊಡ್ತಿರ್ಲಿಲ್ಲ," ಎಂದ. ಪಿಸ್ತೂಲನ್ನು ಅಂಗಡಿಗೆ ಹಿಂದಿರುಗಿಸಿ, ಅಲ್ಲಿಂದ ನೇರ ಪಬ್ಬಿಗೆ ಬಂದು ಕೆಂಪು ಸೋಡಾ ಕೇಳಿದ್ದ.

"ಅವತ್ತು ಅವನೆದುರು?"

"ಜೇಬಲ್ಲಿ ಕನ್ನಡಕದ ಡಬ್ಬಿ ಇತ್ತು."

"ಹಾಗಾದ್ರೆ ಕುಡೀಬಹುದಿತ್ತಲ್ಲೋ. ಮಿಲಾದಾ ಹೆಸ್ರಿಗೆ."

"ಕುಡಿದಿದ್ರೆ ಗೊತ್ತಾಗ್ತಿತ್ತಲ್ಲ, ಏನೂ ಇಲ್ಲ ಅಂತ," ಎಂದು ಬಾಯಿ ತೆರೆದ. ಇನ್ನೊಂದು ಗುಟುಕು ಕುಡಿಸಿದೆ.

ಅವನ ತಿಥಿಯೂಟ ಅದೇ ಪಬ್ಬಿನಲ್ಲಿ ನಡೆಯಿತು. ರಾದೆಕ್ ಕರೆಯದೆ ಬಂದು ಕೌಂಟರಿಗೆ ಒರಗಿ ನಿಂತಿದ್ದ. ಅವನು ಸತ್ತವನಿಗಾಗಿ ಬಂದವನಲ್ಲ; ಕಣ್ಣು ಬ್ಲಾಂಕಾಳ ಮೇಲಿತ್ತು. ವ್ಲಸ್ತಾ ಎಲ್ಲರಿಗೂ ಪ್ಲಮ್ ಸಾರಾಯಿ ಸುರಿದಳು. ನಾವು ಎದ್ದು ನಿಂತೆವು. ಬ್ಲಾಂಕಾ ತನ್ನ ಗ್ಲಾಸನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ನಂಗೆ ಕೆಂಪು ಸೋಡಾ ಕೊಡಿ ವ್ಲಸ್ತತ್ತೆ."

ಅವಳು ಅದನ್ನೇ ಎತ್ತಿ ಅಪ್ಪನ ಹೆಸರು ಹೇಳಿ ಕುಡಿದಳು. ನಾನು ಕೌಂಟರಿನ ಕಡೆ ತಿರುಗಿದೆ. ರಾದೆಕ್ ಆ ಲೋಟವನ್ನು ನೋಡಿದ, ಅವಳ ಕೋಟನ್ನು ನೋಡಿದ. ಅವನ ಬಿಯರ್ ಅರ್ಧ ಹಾಗೇ ಇತ್ತು. ಬಿಟ್ಟು ಹೊರಟ.

ಇದನ್ನು ಬರೆಯುವ ಮೊದಲು ಬ್ಲಾಂಕಾಳನ್ನು ಕೇಳಿದೆ. "ಅಪ್ಪಂದು ಏನ್ ಬೇಕಾದ್ರೂ ಬರೀರಿ ಮಾಮ," ಎಂದಳು. "ನನ್ ಕೋಟಲ್ಲಿ ಏನಿತ್ತು ಅಂತ ಮಾತ್ರ ಕೇಳ್ಬೇಡಿ."

ಕೇಳಲಿಲ್ಲ.