ಸಿ ಗ್ರೇಡಿನ ಚಾರ್ಜರ್

ನಮ್ಮ ಮನೆಯಲ್ಲಿ ಚಾರ್ಜರ್ ಇಲ್ಲದ ಗೋಡೆಯಿಲ್ಲ, ಬೇಕಾದಾಗ ಕೈಗೆ ಸಿಗುವ ಚಾರ್ಜರೂ ಇಲ್ಲ. ಇನ್ನು ಮುಂದೆ ಎಲ್ಲದಕ್ಕೂ ಒಂದೇ ಸಿ ಪಿನ್ ಸಾಕು ಎಂದು ನನ್ನ ಗಂಡ ಹೇಳಿದ್ದರು. ಒಂದೇ ಸಾಕಾಗುವುದಾದರೆ ಅಡುಗೆಮನೆಗೊಂದು, ಜಗಲಿಗೊಂದು, ಜೀಪಿಗೊಂದು ಯಾಕೆ ತಂದರೋ ಆ ದೇವರೇ ಬಲ್ಲ. ಒಂದರಲ್ಲಿ ಫೋನು ಬೇಗ ತುಂಬುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ನೋಡಲು ಮಾತ್ರ ಎಲ್ಲವೂ ಅವಳಿಜವಳಿ.

ಅತ್ತೆಯವರು ಸಿ ಎಂದರೆ ಮೂಗು ಮುರಿಯುತ್ತಿದ್ದರು. ಕಣದ ಪಕ್ಕ ಕೂತು ಕಾಫಿ ಬೀಜ ಆರಿಸುತ್ತಲೇ ಬೆಳೆದವರು. ಅವರ ಪಾಲಿಗೆ ಎ ಎಂದರೆ ದಪ್ಪ ಬೀಜ, ಸಿ ಎಂದರೆ ಕಡೆಯ ಚೂರುಪಾರು. ತಮ್ಮ ಕಿವಿಯ ಮಿಷನ್ನನ್ನು ಇಟ್ಟು ಚಾರ್ಜ್ ಮಾಡುವ ಡಬ್ಬಿಗೆ ಅಗಲ ಬಾಯಿಯ ಹಳೇ ಚಾರ್ಜರನ್ನೇ ಇಟ್ಟುಕೊಂಡಿದ್ದರು. ವೈರಿನ ಡಬ್ಬಿ ಕಡೆಯ ತುದಿ ಅದರದೂ ಸಿ ಪಿನ್ನೇ, ಚಾರ್ಜರಿಗೆ ಹೋಗುವ ತುದಿ ಮಾತ್ರ ಅಗಲ. ಆ ಅಗಲದ್ದನ್ನು ಎ ಪಿನ್ ಅನ್ನುತ್ತಾರೆ ಎಂದು ಗಂಡ ಬಾಯಿತಪ್ಪಿ ಹೇಳಿದ ಮೇಲಂತೂ ಅದಕ್ಕೆ ರಾಜಮರ್ಯಾದೆ.

ಮೊನ್ನೆ ಕಳಸದಿಂದ ಅತ್ತೆಯ ತಂಗಿ ಬರುವವರಿದ್ದರು. ಯಾವುದೋ ಮದುವೆಯಲ್ಲಿ ಅಕ್ಕನಿಗೆ ಚುಚ್ಚಿ ಮಾತಾಡಿ ಹೋದವರು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ತಾವಾಗಿಯೇ ಬರುತ್ತೇನೆಂದು ಫೋನ್ ಮಾಡಿದ್ದರು. ಅವಳು ಹೇಳುವುದನ್ನು ಒಂದಕ್ಷರ ಬಿಡದೆ ಕೇಳಬೇಕೆಂದು ಅತ್ತೆ ಬೆಳಿಗ್ಗೆಯೇ ಒಳ್ಳೆಯ ಸೀರೆಯುಟ್ಟು ಕೂತಿದ್ದರು. ನೋಡಿದರೆ ಮಿಷನ್ ಸತ್ತಿದೆ, ಹಳೇ ಚಾರ್ಜರ್ ಮಾಯ.

ಡಬ್ಬಿಯನ್ನು ಎರಡೂ ತುದಿ ಸಿ ಇರುವ ಹೊಸ ಚಾರ್ಜರಿಗೆ ಸಿಕ್ಕಿಸಿದೆ. ದೀಪ ಬರಲಿಲ್ಲ. ಅಡುಗೆಮನೆ, ಜಗಲಿ, ಮಲಗುವ ಕೋಣೆ ಎಂದು ಮನೆಯೆಲ್ಲ ಸುತ್ತಿದೆ. ಪಿನ್ನು ಎಲ್ಲ ಕಡೆಯೂ ಸಲೀಸಾಗಿ ಕೂರುತ್ತದೆ, ದೀಪ ಮಾತ್ರ ಒಲ್ಲೆನೆನ್ನುತ್ತದೆ. ನನಗೆ ರೇಗಿಹೋಯಿತು. ಗಂಡನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆಗ ಬಾಯಿಬಿಟ್ಟರು: ಟಾರ್ಚಿಗೆ ಬೇಕೆಂದು ಹಳೆಯದನ್ನು ತಾವೇ ಕಾಫಿ ಗೋಡೌನಿಗೆ ಒಯ್ದಿದ್ದರಂತೆ. ಓಡಿಹೋಗಿ ತಂದು ಹಾಕಿದೆ, ದೀಪ ಹತ್ತಿತು. ಕೆಲವು ಡಬ್ಬಿಗಳಿಗೆ ಹಳೇ ಚಾರ್ಜರೇ ಒಗ್ಗುವುದಂತೆ. ಇದನ್ನು ಮೊದಲೇ ಹೇಳಲು ಇವರಿಗೇನು ಧಾಡಿ?

"ಸಿ ಗ್ರೇಡ್ ಕಟ್ಕೊಂಡು ಏನ್ ಕುಣಿತೀಯ ಮಾರಾಯ್ತಿ," ಎಂದರು ಅತ್ತೆ. ನಾನು ಹಲ್ಲು ಕಚ್ಚಿಕೊಂಡು ಕಾಫಿಗೆ ಹಾಲಿಟ್ಟೆ.

ತಂಗಿ ಬರುವ ಹೊತ್ತಿಗೆ ಡಬ್ಬಿಯಲ್ಲಿ ಹಸಿರು ದೀಪ. ನಾನೇ ಮಿಷನ್ನನ್ನು ಅತ್ತೆಯ ಕಿವಿಗೆ ಹಾಕಿ, ಬಾಗಿಲಾಚೆ ನಿಂತು ಮೆಲ್ಲಗೆ ಕರೆದು ನೋಡಿದ್ದೆ, ಚೆನ್ನಾಗಿ ಕೇಳುತ್ತಿತ್ತು. ತಂಗಿ ಲೋಟ ಕೆಳಗಿಟ್ಟರು, ಸೆರಗಿನ ತುದಿ ಹಿಂಡಿದರು.

"ಅಕ್ಕಾ, ಅವತ್ತು ನಂದೇ ತಪ್ಪು."

ಅತ್ತೆ ಕಿವಿ ಮುಟ್ಟಿಕೊಂಡರು. "ಕೇಳ್ಸಲಿಲ್ಲ. ಇನ್ನೊಂದ್ಸಲ ಹೇಳು."