ಹದಿನೇಳನೇ ವಾಯ್ಸ್ ನೋಟ್

ಕಳೆದ ವಾರ ಮಲೇಷ್ಯಾದ ಪೆಟಾಲಿಂಗ್ ಜಯಾದ ಔಷಧಿ ಅಂಗಡಿಯಲ್ಲಿ ಯಾರೋ ತಲೆನೋವಿಗೆ ಹಚ್ಚುವ ಹಸಿರೆಣ್ಣೆಯ ಬಾಟಲಿಯ ಮುಚ್ಚಳ ತೆಗೆದರು. ಕರ್ಪೂರ, ನೀಲಗಿರಿ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ನಾನೂ ಹೆಂಡತಿಯೂ ಒಟ್ಟಿಗೇ "ಮೇಡಂ!" ಎಂದೆವು. ತನ್ನನ್ನೇ ಕರೆದರೆಂದು ಅಂಗಡಿಯವಳು ಓಡಿಬಂದಳು, ಪಾಪ.

ಮೇಡಂ ಎಂದರೆ ಹಿಂದೆ ನಾನು ಇಲ್ಲಿ ಕೆಲಸದಲ್ಲಿದ್ದಾಗಿನ ನಮ್ಮ ಕಟ್ಟಡದ ಹತ್ತನೇ ಮಹಡಿಯವರು. ಉಡುಪಿ ಕಡೆಯವರು, ಇಲ್ಲೇ ಹತ್ತಿರದ ನಿಲಾಯ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಅನಾಟಮಿ ಕಲಿಸಿ ನಿವೃತ್ತರಾಗಿದ್ದರು. ನಾನಾಗ ಆರನೇ ಮಹಡಿಯಲ್ಲಿ ಒಬ್ಬನೇ ಇದ್ದೆ. ಮದುವೆಯಾದ ತಿಂಗಳಿಗೇ ಹೆಂಡತಿ ಊರಿನಿಂದ ನೇರ ಇಂಗ್ಲೆಂಡಿನ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಮರಳಿದ್ದಳು. ಅವಳ ಬಳಿಗೆ ಹೋಗಲು ನಾನು ಹಾಕಿದ ವೀಸಾ ಅರ್ಜಿ ತಿರಸ್ಕೃತವಾಯಿತು. ಈ ದಾಂಪತ್ಯ ನಿಜವೆನ್ನಲು ಸಾಕ್ಷ್ಯ ಸಾಲದಂತೆ! ಅವರದೂ ತಪ್ಪಲ್ಲ ಬಿಡಿ. ಬೇರೆ ಗಂಡಂದಿರು ಪುಟಗಟ್ಟಲೆ ಪ್ರೇಮ ಬರೆಯುತ್ತಾರೆ. ನಾನು ಬರೆದದ್ದು "ಊಟ ಆಯ್ತಾ", ಅವಳು ಬರೆದದ್ದು "ಹ್ಞೂಂ". ಉಳಿದ ಸಂಸಾರವೆಲ್ಲ ವಾಯ್ಸ್ ನೋಟ್‌ಗಳಲ್ಲಿತ್ತು. ಅದರಲ್ಲೂ ಮುಕ್ಕಾಲು ಪಾಲು ನನ್ನ ಮಿಮಿಕ್ರಿ: ನನ್ನ ಬಾಸು, ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಅಣ್ಣ, ಮಾವನವರ ಕೆಮ್ಮು...

ಮೇಲ್ಮನವಿಗೆ ಇವೆಲ್ಲ ಇಂಗ್ಲಿಷಿನಲ್ಲಿ ಬೇಕು, ಅನುವಾದಿಸಿದವರು 'ನಿಖರ' ಎಂದು ಸಹಿ ಹಾಕಬೇಕು ಎಂದರು ವಕೀಲರು. ಮೇಡಂ ಒಪ್ಪಿದರು. ದಿನಾ ಸಂಜೆ ನಾನು ಪರೋಟದಂಥ ರೊಟಿ ಚನಾಯ್ ಕಟ್ಟಿಸಿಕೊಂಡು ಹೋಗುವುದು, ಅವರು ಹಣೆಗೆ ಹಸಿರೆಣ್ಣೆ ತಿಕ್ಕಿಕೊಂಡು ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು. ಶವ ಕೊಯ್ಯುವಷ್ಟೇ ಗಂಭೀರ.

"ನಿನ್ನ ಮಾವ ಇಲ್ಲಿ ಕೆಮ್ಮುವುದು ಎರಡು ಸಲವಾ, ಮೂರು ಸಲವಾ? ಸರಿ ಹೇಳು ಮಾರಾಯ, ಸಹಿ ನನ್ನದು."

ಹದಿನಾರನೇ ನೋಟ್ ಆದ ಮೇಲೆ ನಾನು ಮೆಲ್ಲಗೆ ಹದಿನೆಂಟಕ್ಕೆ ಹಾರಿದೆ.

"ಹದಿನೇಳು ಎಲ್ಲಿ?"

"ಅದು ಬೇಡ ಮೇಡಂ. ಸೌಂಡ್ ಕ್ಲಿಯರ್ ಇಲ್ಲ."

"ಸ್ಟೂಡೆಂಟ್ಸ್ ಹೇಳುವ ಸುಳ್ಳು ಕೇಳಿಯೇ ನನ್ನ ತಲೆ ನರೆತದ್ದು. ಹಾಕು."

ಹದಿನೇಳರಲ್ಲಿ ಇದ್ದದ್ದು ಸಾಕ್ಷಾತ್ ಮೇಡಂ! ವೀಸಾ ಇಲ್ಲವೆಂದ ದಿನ ಅಳುತ್ತಿದ್ದ ಹೆಂಡತಿಯನ್ನು ನಗಿಸಲು ನಾನು ಅವರಾಗಿದ್ದೆ: "ಯಾರು ಮಾರಾಯಾ... ಲಿಫ್ಟಿಗೆ ಈ ನಾರುವ ದುರಿಯನ್ ಹಣ್ಣು ತಂದದ್ದೂ... ನಾನು ರಿಟೈರ್ ಆದದ್ದು, ನನ್ನ ಮೂಗಲ್ಲ!" ಅದರ ಹಿಂದೆಯೇ ಅವಳ ಉತ್ತರ: ಮೂಗು ಸೊರ ಸೊರ ಎನ್ನುತ್ತಲೇ ಹೊರಟ ನಗು.

ಮೇಡಂ ಕೇಳಿದರು. ಪೆನ್ನು ಕೆಳಗಿಟ್ಟರು. ನಾನು ಮೆಟ್ಟಿಲಲ್ಲೇ ಇಳಿದು ಓಡಲು ಚಪ್ಪಲಿ ಹುಡುಕುತ್ತಿದ್ದೆ.

"ಇನ್ನೊಮ್ಮೆ ಹಾಕು."

ಕೇಳಿ, ಬರೆದರು: 'ಇಲ್ಲಿ ಗಂಡನು ಮೇಲಿನ ಮಹಡಿಯ ನಿವೃತ್ತ ಪ್ರಾಧ್ಯಾಪಕಿಯನ್ನು ಅಣಕಿಸುತ್ತಾನೆ. ಅನುಕರಣೆ ನಿಖರವಾಗಿಲ್ಲ. ಹೆಂಡತಿ ಅಳು ನಿಲ್ಲಿಸಿ ನಗುತ್ತಾಳೆ.'

"ನಾನು ಹಾಗೆಲ್ಲ ರಾಗ ಎಳೆಯುವುದಿಲ್ಲಾ..." ಎಂದರು, ರಾಗ ಎಳೆದೇ. ಎಣ್ಣೆಗೈಯಲ್ಲೇ ಪ್ರತಿ ಪುಟಕ್ಕೂ ಸಹಿ ಹಾಕಿದರು. ಕೊರಿಯರ್ ಇಂಗ್ಲೆಂಡ್ ತಲುಪಿದಾಗ ಮನೆಯಿಡೀ ಘಾಟು ಎಂದಳು ಹೆಂಡತಿ. ಮೇಡಂರನ್ನು ಅವಳು ಬಲ್ಲದ್ದು ಆ ವಾಸನೆಯಿಂದ, ನನ್ನ ಅಣಕದಿಂದ, ಅಷ್ಟೇ.

ವಿಚಾರಣೆಗೆ ಹಾಜರಾದದ್ದು ಅವಳೇ. ನ್ಯಾಯಾಧೀಶರು ಹದಿನೇಳನೇ ನೋಟ್ ಇದ್ದ ಪುಟಕ್ಕೆ ಬಂದಾಗ, ನಿಮ್ಮ ಗಂಡ ಹೀಗೆ ಆಗಾಗ ಮಾಡುತ್ತಾರೆಯೇ ಎಂದು ಕೇಳಿದರಂತೆ.

"ನನ್ನ ಕರ್ಮಕ್ಕೆ, ದಿನಾ," ಎಂದಳಂತೆ ನಮ್ಮವಳು. ಕೆಲವು ವಾರಗಳ ಮೇಲೆ ತೀರ್ಪು ನಮ್ಮ ಕಡೆಗಾಯಿತು.

ಹೊರಡುವ ದಿನ ಮೇಡಂ, "ಈಗ ನನ್ನ ಎದುರು ಮಾಡು, ನೋಡುವ," ಎಂದರು. ಊರನ್ನೆಲ್ಲ ಅಣಕಿಸುವ ನಾನು ಅವತ್ತು ಸೂಟ್‌ಕೇಸಿನ ಜಿಪ್ ಎಳೆಯುತ್ತಾ ನಿಂತೆ.

"ಮುಂದಿನ ಸಲ ಹೆಂಡತೀನೂ ಕರ್ಕೊಂಡು ಬಂದು ಮಾಡ್ತೀನಿ ಮೇಡಂ."

"ಪ್ರಾಕ್ಟೀಸ್ ಮಾಡಿಕೊಂಡು ಬಾ."

ಬರುವುದು ತಡವಾಯಿತು. ಮೇಡಂ ತೀರಿಕೊಂಡ ಸುದ್ದಿ ಕಳೆದ ವರ್ಷವೇ ಇಂಗ್ಲೆಂಡಿಗೆ ಬಂದಿತ್ತು. ಆದರೂ ಔಷಧಿ ಅಂಗಡಿಯಿಂದ ಇಬ್ಬರೂ ಆ ಕಟ್ಟಡಕ್ಕೇ ನಡೆದೆವು. ಹತ್ತನೇ ಮಹಡಿಯ ಬಾಗಿಲಲ್ಲಿ ಯಾರದ್ದೋ ಮಕ್ಕಳ ಚಪ್ಪಲಿಗಳಿದ್ದವು... ಇಳಿಯುವಾಗ ಲಿಫ್ಟಿನಲ್ಲಿ ಹೆಂಡತಿ, "ಮಾಡೋ," ಎಂದಳು.

ಮಾಡಿದೆ, ದುರಿಯನ್ ಸಮೇತ. ರಾಗ ಎಷ್ಟು ಬೇಕೋ ಅಷ್ಟೇ ಎಳೆದೆ. ಅವಳು ಮೂಗು ಸೊರ ಸೊರ ಎನ್ನಿಸುತ್ತಾ ನಕ್ಕಳು.

ಈ ಸಲ ನಿಖರವಾಗಿತ್ತು ಅನ್ನಿಸುತ್ತದೆ. ಸಹಿ ಹಾಕುವವರೇ ಇಲ್ಲ.