ಎಂಬತ್ತು ಇಂಚಿನ ರಾಜ್ಯ

ಗೋಣಿಬೀಡಿನ ಹತ್ತಿರ ಹನ್ನೆರಡು ಎಕರೆ ಕಾಫಿ ಇಟ್ಟುಕೊಂಡಿರುವ ಬೊಮ್ಮಯ್ಯನವರ ಬಗ್ಗೆ ಊರಿನವರು ಏನು ಬೇಕಾದರೂ ಹೇಳಿಯಾರು, ಅವರ ಮಳೆಪುಸ್ತಕದ ಬಗ್ಗೆ ಮಾತ್ರ ಯಾರೂ ಚಕಾರ ಎತ್ತುವಂತಿಲ್ಲ. ನಲವತ್ತೊಂದು ವರ್ಷದಿಂದ ದಿನಾ ಬೆಳಗ್ಗೆ ಎಂಟಕ್ಕೆ, ಕಣದ ಪಕ್ಕದ ಮಳೆ ಗೇಜಿನಲ್ಲಿ ಬಿದ್ದ ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚು ಸೆಂಟುಗಳಲ್ಲಿ, ಅಂದರೆ ನೂರು ಸೆಂಟಿಗೆ ಒಂದು ಇಂಚಿನ ಲೆಕ್ಕದಲ್ಲಿ, ಬರೆದಿಟ್ಟಿದ್ದಾರೆ. ಮದುವೆಯ ದಿನವೂ ಬರೆದಿದ್ದಾರೆ: ಇಪ್ಪತ್ತೆರಡು ಸೆಂಟು. ಬಾಯಿಮಾತಿನಲ್ಲಾದರೆ ಎಲ್ಲ ಪ್ಲಾಂಟರುಗಳ ಹಾಗೆ ಅವರೂ ಧಾರಾಳಿ. ಪಕ್ಕದ ತೋಟದವರು ಎಪ್ಪತ್ತು ಇಂಚು ಎಂದರೆ ನಮ್ಮಲ್ಲಿ ಎಂಬತ್ತರ ಮೇಲೆ ಎನ್ನದೆ ಬಿಡುವವರಲ್ಲ. ಈ ಕಡೆ ಅದನ್ನು ಯಾರೂ ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥವರು ಪ್ರತ್ಯೇಕ ರಾಜ್ಯ ಕೇಳಿದ್ದು ಒಂದು ಫೋನಿನಿಂದ. ಕಳೆದ ಜುಲೈಯಲ್ಲಿ ಹನ್ನೊಂದು ದಿನ ಕರೆಂಟಿರಲಿಲ್ಲ. ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ದೂರು ಕೊಟ್ಟರೆ, ಎಲ್ಲೋ ರಾಜಧಾನಿಯಲ್ಲಿ ಕೂತ ಹುಡುಗಿ, ಅಲ್ಲಿ ಸ್ವಲ್ಪ ಮಳೆ ಏನಾದರೂ ಆಗುತ್ತಿದೆಯಾ ಎಂದು ವಿಚಾರಿಸಿದಳು. ಸ್ವಲ್ಪ! ಬೊಮ್ಮಯ್ಯನವರ ಮೈ ಉರಿದುಹೋಯಿತು. ಮಳೆ ನಮ್ಮ ತಲೆಯ ಮೇಲೆ ಸುರಿಯಬೇಕು, ನೀರು ಹರಿದು ಅವರ ನಲ್ಲಿಗೆ ಹೋಗಬೇಕು, ಕೊನೆಗೆ ಸ್ವಲ್ಪ ಅನ್ನಿಸಿಕೊಳ್ಳಬೇಕು. ಮರುವಾರವೇ ಪ್ರತ್ಯೇಕ ರಾಜ್ಯದ ಸಮಿತಿ ಹುಟ್ಟಿತು. ಅಧ್ಯಕ್ಷರು ಅವರೇ. ದೆಹಲಿಯ ಮೇಲೆ ಅವರಿಗೆ ಕೋಪವಿರಲಿಲ್ಲ. ದೇಶ ಅದೇ ಇರಲಿ, ರಾಜ್ಯ ಮಾತ್ರ ಬೇರೆಯಾಗಲಿ ಎಂದರು.

ಡಿಸೆಂಬರಿನ ಸಭೆಯಲ್ಲಿ ಗಡಿಯ ಮಾತು ಬಂತು. ವರ್ಷಕ್ಕೆ ಎಂಬತ್ತು ಇಂಚು ಮಳೆ ಬೀಳುವ ನೆಲವೆಲ್ಲ ನಮ್ಮದು ಎಂದು ಬೊಮ್ಮಯ್ಯನವರು ಒಂದೇ ಏಟಿಗೆ ಗೆರೆ ಎಳೆದರು. ಕಳಸದ ಕಡೆಯಿಂದ ಬಂದಿದ್ದ ರಾಜೀವನಿಗೆ ನಗು ತಡೆಯಲಿಲ್ಲ.

"ಎಂಬತ್ತಕ್ಕೆ ನಮ್ಮಲ್ಲಿ ಕೊಡೆ ಬಿಚ್ಚೋದಿಲ್ಲ ಮಾರಾಯ್ರೆ. ನೂರಿಪ್ಪತ್ತು ಮಾಡಿ, ಇಲ್ದಿದ್ರೆ ಕಳಸಕ್ಕೇ ಬೇರೆ ರಾಜ್ಯ ಕೇಳ್ತೀವಿ."

ಕೂಸು ಹುಟ್ಟುವ ಮೊದಲೇ ಆಸ್ತಿ ಪಾಲಾಗುವುದು ಬೇಡವೆಂದು ಎರಡು ಸುತ್ತು ಕಾಫಿಯ ನಂತರ ರಾಜಿಯಾಯಿತು. ಎಂಬತ್ತೇ ಇರಲಿ, ಆದರೆ ಬಾಯಿಮಾತು ನಡೆಯುವುದಿಲ್ಲ. ಜನವರಿ ಒಂದಕ್ಕೆ ಎಲ್ಲರೂ ಹತ್ತು ವರ್ಷದ ಮಳೆಪುಸ್ತಕ ತರಬೇಕು. ಸರಾಸರಿ ಎಂಬತ್ತು ಇದ್ದವರಷ್ಟೇ ರಾಜ್ಯದೊಳಗೆ. ಇದಕ್ಕೆ ಮೊದಲು ಕೈ ಎತ್ತಿದವರು ಬೊಮ್ಮಯ್ಯನವರೇ.

ಮನೆಗೆ ಬಂದು ಕೂಡಿದರು. ಹತ್ತು ವರ್ಷಕ್ಕೆ ಏಳುನೂರ ತೊಂಬತ್ತೇಳು ಇಂಚು. ಎಂಟುನೂರಕ್ಕೆ ಮೂರು ಕಡಿಮೆ. ಕನ್ನಡಕ ಒರೆಸಿಕೊಂಡು ಕೂಡಿದರೂ ಅಷ್ಟೇ. ತಾವೇ ಹುಟ್ಟಿಸಿದ ರಾಜ್ಯದಲ್ಲಿ ತಮ್ಮ ತೋಟಕ್ಕೇ ಜಾಗವಿರಲಿಲ್ಲ.

ವರ್ಷ ಮುಗಿಯಲು ಇನ್ನೂ ಮೂರು ವಾರವಿತ್ತು. ಕಾಫಿ ಕುಯ್ದು ಕಣದಲ್ಲಿ ಹರವಿರುವ ಆ ದಿನಗಳಲ್ಲಿ ಮೋಡ ಕಂಡರೇ ಪ್ಲಾಂಟರಿಗೆ ಎದೆ ಹಾರುತ್ತದೆ. ಒಂದು ಮಳೆ ಬಿದ್ದರೆ ವರ್ಷದ ಬೆಳೆಗೆ ಬೂಷ್ಟು. ಅಂಥ ಕಾಲದಲ್ಲಿ ಈ ಪುಣ್ಯಾತ್ಮರು ದೇವರಮನೆ ಗುಡ್ಡದ ಗುಡಿಗೆ ಹೋಗಿ ಮಳೆಗೆ ಹರಕೆ ಹೊತ್ತು ಬಂದರು. ಕಣವನ್ನು ಬಿಟ್ಟು ಗೇಜಿನ ಮೇಲೆ ಮಾತ್ರ ಸುರಿಯಬೇಕೆಂದು ದೇವರಿಗೆ ಬಿಡಿಸಿ ಹೇಳಿದ್ದರಂತೆ. ವಿಷಯ ತಿಳಿದ ಹೆಂಡತಿ ಗಿರಿಜಾಂಬಾ ಟಾರ್ಪಾಲು ಹುಡುಕುತ್ತಾ, "ಮೂರು ಕಾಸಿನ ರಾಜ್ಯ ನಿಮ್ದು! ಕಾಫಿ ನೆಂದ್ರೆ ನಿಮ್ಮನ್ನೇ ಕಣದಲ್ಲಿ ಹರವ್ತೀನಿ" ಎಂದರು. ಆದರೆ ಬೆಳಗ್ಗೆ ಐದು ಅಕ್ಕಿರೊಟ್ಟಿ ತಿನ್ನುವ ಗಂಡ ಎರಡಕ್ಕೇ ಕೈತೊಳೆಯತೊಡಗಿದ್ದು ಆಕೆಯ ಕಣ್ಣಿಗೆ ಬೀಳದೆ ಇರಲಿಲ್ಲ.

ಮಳೆ ಬರಲಿಲ್ಲ. ವರ್ಷದ ಕೊನೆಯ ದಿನ ಬೆಳಗ್ಗೆ ಎಂಟಕ್ಕೆ ಬೊಮ್ಮಯ್ಯನವರು ಗೇಜು ಬಿಚ್ಚಿದರೆ ಒಳಗೆ ನೀರು. ಅಳೆದರು. ಸರಿಯಾಗಿ ಮೂರು ಇಂಚು, ಒಂದು ಸೆಂಟು ಆಚೆ ಈಚೆ ಇಲ್ಲ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಕಣದ ಕಾಫಿ ಕಾಲಡಿ ಕಟಕಟ ಎನ್ನುತ್ತಿದೆ. ಅಳೆಯುವ ಜಾಡಿ ಮಾತ್ರ ಅವರು ಕೈಗೆತ್ತಿಕೊಳ್ಳುವಾಗಲೇ ಒದ್ದೆಯಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಗಿರಿಜಾಂಬಾ ತಲೆ ಎತ್ತದೆ ಕಾಯಿ ತುರಿಯುತ್ತಿದ್ದರು.

ಬೊಮ್ಮಯ್ಯನವರಿಗೆ ಅರ್ಥವಾಯಿತು. ಈ ರಾಜ್ಯ ಮೂರು ಕಾಸಿನದ್ದು ಎಂದು ಬೈದವಳೇ, ಗಂಡ ಅದರ ಹೊರಗುಳಿಯಬಾರದೆಂದು ಮುಂಜಾನೆಯ ಚಳಿಯಲ್ಲಿ ಚೊಂಬು ಹಿಡಿದು ಹೋಗಿದ್ದಾಳೆ. ಅವರು ಜಾಡಿಯನ್ನು ಇನ್ನೊಮ್ಮೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕ ತೆರೆದು ಬರೆದರು.

ಮರುದಿನ ಮೂಡಿಗೆರೆಯ ಸಭೆಯಲ್ಲಿ ಪುಸ್ತಕಗಳನ್ನು ತಪಾಸಣೆ ಮಾಡಿದವನು ರಾಜೀವ. ಅಧ್ಯಕ್ಷರ ಪುಸ್ತಕದ ಕೊನೆಯ ಪುಟಕ್ಕೆ ಬಂದವನು ಎರಡು ಸಲ ಕಣ್ಣಾಡಿಸಿ, ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದ.

"ಡಿಸೆಂಬರ್ ಮೂವತ್ತೊಂದು. ಮಳೆ: ಇಲ್ಲ. ಗಿರಿಜಾಂಬಾ: ಮೂರು ಇಂಚು."

ಬೊಮ್ಮಯ್ಯನವರು ಅಧ್ಯಕ್ಷರ ಕುರ್ಚಿಯನ್ನು ಅವನ ಕಡೆ ಸರಿಸಿ, ಹೊರರಾಜ್ಯದಲ್ಲಿರುವ ತಮ್ಮ ಮನೆಗೆ ಹೋಗಿ ಐದು ರೊಟ್ಟಿ ತಿಂದರು.